ಅಂಗಳದ ಗೋರಿಯ ಮೇಲೆ ಬಟ್ಟೆ

ಮೊನ್ನೆ ಶುಕ್ರವಾರ ಟ್ಯೂನಾ ಮೀನಿನ ಡಬ್ಬಿ ತೆರೆದೆ. ಎಣ್ಣೆಯ ವಾಸನೆ ಎದ್ದಿತು. "ಮಾಂಯ್, ಆ ಕಿಟಕಿ ಒಂಚೂರು ತೆಗೀರಿ ಮಾರಾಯ್ರೆ, ಮಕ್ಕಳು ಸ್ಮೆಲ್ ಸ್ಮೆಲ್ ಅಂತಿದ್ದಾರೆ," ಎಂದಳು ಸೊಸೆ. ತೆಗೆದೆ. ವಾಸನೆ ಹೋಯಿತು. ಮೇಲಿನ ಫ್ಲ್ಯಾಟಿನಲ್ಲಿ ಇದ್ದವಳ ನೆನಪು ಹೋಗಲಿಲ್ಲ.

ಅವಳು ಅಮೆರಿಕನ್ ಸಮೋವಾದವಳು. ಪೆಸಿಫಿಕ್ ಸಮುದ್ರದ ನಡುವೆ, ಅಮೆರಿಕದ ಕೈಕೆಳಗಿನ ಚಿಕ್ಕ ದ್ವೀಪವಂತೆ. ಇಲ್ಲಿ ಗಲ್ಫಿನಲ್ಲಿ, ಮೀನಾ ಅಬ್ದುಲ್ಲಾ ಎಂಬ ಊರಿನ ಆಚೆ, ಅಮೆರಿಕದವರ ಮಿಲಿಟರಿ ಕ್ಯಾಂಪಿನಲ್ಲಿ ಲಾಂಡ್ರಿ ನೋಡಿಕೊಳ್ಳುತ್ತಿದ್ದಳು. ಬಾಗಿಲು ತುಂಬುವಂಥ ಹೆಂಗಸು. ಅವಳ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವಳಿಗೆ ಕಾಲು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅಷ್ಟು ಸಾಕಿತ್ತು. ನನ್ನನ್ನು ಗ್ರ್ಯಾನಿ ಎಂದೇ ಕರೆಯುತ್ತಿದ್ದಳು. ರಜೆಯ ದಿನ ತನ್ನ ಊರಿನ ಮೀನಿನ ಡಬ್ಬಿ ಹಿಡಿದುಕೊಂಡು ನನ್ನ ಅಡುಗೆಮನೆಗೆ ಇಳಿದು ಬರುತ್ತಿದ್ದಳು.

"ನಮ್ಮಲ್ಲಿ ಕೆಲಸ ಅಂದರೆ ಈ ಮೀನು ತುಂಬುವ ಫ್ಯಾಕ್ಟರಿ, ಇಲ್ಲದಿದ್ದರೆ ಸರಕಾರ. ಎರಡೂ ಸಿಗದವರು ಅಮೆರಿಕದ ಮಿಲಿಟರಿಗೆ," ಎನ್ನುತ್ತಿದ್ದಳು. ಊರಲ್ಲಿ ಇರುವವರಿಗಿಂತ ಊರು ಬಿಟ್ಟು ಹೋದವರೇ ಹೆಚ್ಚಂತೆ. "ನಮ್ಮದೇನು ಬೇರೆಯಾ? ನಮ್ಮ ಊರ ಇಗರ್ಜಿಯ ಅರ್ಧ ಜನ ಇಲ್ಲೇ ಗಲ್ಫಿನಲ್ಲಿ ಉಂಟು," ಎಂದಿದ್ದೆ.

ಒಮ್ಮೆ ಫೋನಿನಲ್ಲಿ ಮನೆಯ ಪಟ ತೋರಿಸಿದಳು. ಬಾಗಿಲೆದುರಿಗೇ ಬಿಳಿ ಗೋರಿ, ಅದರ ಮೇಲೆ ಒಣಹಾಕಿದ ಬಟ್ಟೆ.

"ಥತ್! ಗೋರಿಯ ಮೇಲೆ ಚಡ್ಡಿ ಒಣಗಿಸುದಾ? ಮರ್ಯಾದೆ ಉಂಟಾ ನಿಮಗೆ?"

ಅವಳು ಹೊಟ್ಟೆ ಕುಣಿಸಿ ನಕ್ಕಳು. "ಗ್ರ್ಯಾನಿ, ಅದು ನನ್ನ ಅಪ್ಪ. ಸತ್ತವರನ್ನು ನಾವು ಮನೆಯಲ್ಲೇ ಇಟ್ಟುಕೊಳ್ಳುವುದು. ಬಟ್ಟೆ ಇದ್ದರೆ ಮನೆಯಲ್ಲಿ ಜನ ಇದ್ದಾರೆ ಅಂತ ಅವನಿಗೆ ಗೊತ್ತಾಗುತ್ತದೆ."

ಆಮೇಲೆ ಫ್ಯಾಕ್ಟರಿ ಮುಚ್ಚುವ ಸುದ್ದಿ ಬಂತು. ಅವಳ ತಮ್ಮ ದುಡಿಯುತ್ತಿದ್ದುದು ಅಲ್ಲೇ. ಮುಚ್ಚಿದರೆ ತಾಯಿಯನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತೇನೆಂದ. ಇವಳು ಹೋಗಿ ನಿಂತರೆ ಮಾತ್ರ ಮನೆ ಉಳಿಯುವುದು. ಕೂತಲ್ಲಿ ಕೂರಲಾರಳು, ಫೋನು ಸದ್ದಾದರೆ ಮುಖ ಬಿಳುಚುತ್ತಿತ್ತು.

"ಈಗಲೇ ಬಿಟ್ಟು ಹೋಗಲಾ, ಗ್ರ್ಯಾನಿ?"

"ಹುಚ್ಚಾ ನಿಂಗೆ? ಆರೇ ತಿಂಗಳುಂಟು, ಕಾಂಟ್ರ್ಯಾಕ್ಟ್ ಮುಗ್ಸಿ ಹೋಗು. ಗೋರಿ ಎಲ್ಲಿಗೂ ಓಡುದಿಲ್ಲ."

ನನ್ನ ಮಾತು ಕೇಳಿ ಇಲ್ಲೇ ಉಳಿದಳು.

ಫ್ಯಾಕ್ಟರಿ ಎರಡೇ ತಿಂಗಳಿಗೆ ಮುಚ್ಚಿತು... ತಾಯಿಯ ಜೊತೆ ಊರು ಬಿಡುವಾಗ ತಮ್ಮ ಕಳಿಸಿದ ಪಟವನ್ನು ನನಗೂ ತೋರಿಸಿದಳು. ಬಾಗಿಲಿಗೆ ಬೀಗ. ಗೋರಿಯ ಮೇಲೆ ಏನೂ ಇಲ್ಲ. "ಗೋರಿ ಓಡಲಿಲ್ಲ ಗ್ರ್ಯಾನಿ, ನಾವೇ ಓಡಿದೆವು," ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಎಲ್ಲಿಗೆ ಹೋದಳೋ...

ಈಗ ಮಗನ ಕಂಪನಿಯಲ್ಲೂ ಜನರನ್ನು ತೆಗೆಯುತ್ತಿದ್ದಾರೆ. ರಜೆ ಕೇಳಲು ಅವನಿಗೆ ಹೆದರಿಕೆ. ಆ ಶುಕ್ರವಾರ ಊಟಕ್ಕೆ ಕೂತಾಗ, ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಊರಿಗೆ ಹೋಗಿ ಗಂಡನ ಗೋರಿಗೆ ಮೇಣದಬತ್ತಿ ಹಚ್ಚಬೇಕು ಎಂದೆ.

"ಮುಂದಿನ ವರ್ಷ ಹೋಗುವ ಮಮ್ಮಿ. ಪಪ್ಪ ಅಲ್ಲೇ ಇರ್ತಾರಲ್ಲ?" ಎಂದ.

ನಾನು ಫೋನು ಎತ್ತಿಕೊಂಡೆ. ಸಮೋವಾದವಳ ನಂಬರಿಗೆ ಈಗ ಕಾಲ್ ಹೋಗುವುದಿಲ್ಲ. ಡಬ್ಬಿಯ ಮೀನನ್ನು ಮಕ್ಕಳು ಮುಟ್ಟಲಿಲ್ಲ. ನಾನೊಬ್ಬಳೇ ತಿಂದೆ.