ಕೋಟೆಯಲ್ಲಿ ಶೇಂಗಾ ಸುಟ್ಟ ದಿನ

ನಮ್ಮ ಮನೆಯ ಟೇಬಲ್ ಫ್ಯಾನಿಗೆ ನಮ್ಮ ಮದುವೆಯಷ್ಟೇ ವಯಸ್ಸು. ಮೂರನೇ ನಂಬರಿಗೆ ತಿರುಗಿಸಿದರೆ ಗುಂಯ್ ಎನ್ನುತ್ತದೆ. ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಸೆಖೆ ತಾಳಲಾರದೆ ಯಜಮಾನರು ಫ್ಯಾನನ್ನು ಮೂರಕ್ಕೆ ಇಟ್ಟರಂತೆ. ಎಚ್ಚರವಾದಾಗ ನಾನು ಮಂಚದ ಮೇಲಿರಲಿಲ್ಲ. ಗೋಡೆಯ ಮೂಲೆಯಲ್ಲಿ, ತಲೆತುಂಬ ಚಾದರ ಎಳೆದುಕೊಂಡು, ಮುದುಡಿ ಕುಳಿತಿದ್ದೆ.

"ಏನಾಯ್ತೇ ನಿಂಗೆ?" ಎಂದರು.

ಏನೆಂದು ಹೇಳಲಿ? ಫ್ಯಾನಿನ ಸದ್ದಿಗೆ ಹೆದರಿದೆ ಎಂದರೆ ನಗುತ್ತಾರೆ. ಹೆದರಿದ್ದು ಫ್ಯಾನಿಗಲ್ಲ ಎನ್ನಬೇಕಾದರೆ ನವೆಂಬರಿನಿಂದ ಶುರುಮಾಡಬೇಕು.

ಈ ಅಂಕಣದಲ್ಲಿ ಬಸ್ಸಿನ ಸೀಟಿನ ಜಗಳದಿಂದ ಹಿಡಿದು ನಲ್ಲಿ ನೀರಿನವರೆಗೆ ಎಲ್ಲದರ ಬಗ್ಗೆಯೂ ಬರೆದಿದ್ದೇನೆ. ಹಳೆಯ ಗೆಳತಿಯರ ಜೊತೆ ದುರ್ಗದ ಕೋಟೆ ಸುತ್ತುತ್ತೇನೆ, ಬಂದು ಬರೆಯುತ್ತೇನೆ ಎಂದೂ ಬರೆದುಕೊಂಡಿದ್ದೆ. ಸುತ್ತಿದೆ. ಬರೆಯಲಿಲ್ಲ. (ಇಬ್ಬರು ಓದುಗರು ಕಾರ್ಡು ಹಾಕಿ ಕೇಳಿದ್ದರು. ಅವರಿಗೂ ಉತ್ತರಿಸಲಿಲ್ಲ.) ಇವತ್ತು ಬರೆಯುತ್ತಿದ್ದೇನೆ.

ಗೆಳತಿಯರು ಇಬ್ಬರು. ಮೈಸೂರಿನ ವಿಜಯಾ, ಹುಬ್ಬಳ್ಳಿಯ ನಸೀಮಾ. ಮೂವರೂ ಒಂದೇ ಹಾಸ್ಟೆಲ್‌ನ ಒಂದೇ ರೂಮಿನಲ್ಲಿದ್ದವರು. ನನ್ನ ಹುಟ್ಟೂರು ಹೊಸದುರ್ಗದ ಪಕ್ಕ, ಕೆಲಸ ದುರ್ಗದ ಕಾಲೇಜಿನಲ್ಲಿ ಎಂದಮೇಲೆ ಊರು ತೋರಿಸುವ ಭಾರ ನನ್ನದೇ ತಾನೆ? ಅದಕ್ಕಾಗಿ ಹುಡುಕಿದ್ದು ತಿಪ್ಪೇಸ್ವಾಮಿಯವರನ್ನು.

ಐವತ್ತು ದಾಟಿದ ಮನುಷ್ಯ. ರಾಮಗಿರಿ ಕಡೆಯ ಕುರಿಗಾರರ ಮನೆತನ. ಬಿಸಿಲಿರಲಿ ಚಳಿಯಿರಲಿ, ಹೆಗಲ ಮೇಲೊಂದು ಕರಿ ಕಂಬಳಿ. ಉಳಿದ ಗೈಡ್‌ಗಳು ಕತ್ತಿ, ಫಿರಂಗಿ, ಯುದ್ಧ ಎಂದು ಹೇಳಿಕೊಂಡು ಹೋಗುತ್ತಿದ್ದರೆ ಇವರದೊಂದೇ ಪ್ರಶ್ನೆ: ಇಷ್ಟು ಜನ ಇಷ್ಟು ದಿನ ಕೋಟೆಯೊಳಗೆ ಕೂತು ತಿಂದದ್ದೇನು? ಹಾಗಾಗಿ ಇವರ ಕೋಟೆ ಶುರುವಾಗುವುದು ಕೋಟೆಯಲ್ಲಲ್ಲ, ಪೇಟೆಯ ಹೋಟೆಲಿನಲ್ಲಿ.

"ಮೊದ್ಲು ಖಾಲಿ ದೋಸೆ ತಿನ್ರಿ. ಮೇಲೆ ಕಲ್ಲು ಬಿಟ್ರೆ ಏನೂ ಸಿಗಲ್ಲ. ಕೋಟೆಗೆ ಮುತ್ತಿಗೆ ಹಾಕಿದೋರೂ ಹಂಗೇ, ಹಸ್ಕಂಡು ವಾಪಸ್ ಹೋದ್ರು."

ದೋಸೆ ಆಯಿತು. ಮಂಡಕ್ಕಿ ಭಟ್ಟಿಗೆ ಹೋಗಿ ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡಿದ್ದಾಯಿತು. ಬಿಸಿ ಮೆಣಸಿನಕಾಯಿ ಬಜ್ಜಿ ಕಚ್ಚಿದ ವಿಜಯಾಳ ಕಣ್ಣಲ್ಲಿ ನೀರು ಬಂದದ್ದೂ ಆಯಿತು. ಆಮೇಲೆ ಕೋಟೆ. ಇಲ್ಲಿ ಕಾಳಿನ ಹಗೇವು, ಇಲ್ಲಿ ಎಣ್ಣೆ ಕೊಳ, ತೀರಾ ಮೇಲೆ ತುಪ್ಪದ ಕೊಳ.

"ತುಪ್ಪದ ಕೊಳ ಕೊನೆಗೆ ತೋರಿಸ್ತೀನಿ" ಎಂದರು ತಿಪ್ಪೇಸ್ವಾಮಿ.

"ನಮ್ಮ ಮೈಸೂರಲ್ಲಿ ತುಪ್ಪ ಮೊದಲು ಬಡಿಸ್ತೀವಪ್ಪ" ಎಂದಳು ವಿಜಯಾ.

"ನೀವು ಅರಮನೆ ಜನ ಅಕ್ಕಾರೆ. ನಾವು ಕುರಿ ಕಾಯೋರು, ಮಾರಿ ಉಳಿದ್ರೆ ತಾನೆ ತುಪ್ಪ?"

ನಾವು ನಕ್ಕೆವು. ನಸೀಮಾ ಕಂಬಳಿಯನ್ನೂ ಬಿಡಲಿಲ್ಲ. "ಈ ಬಿಸಿಲಲ್ಲಿ ಅದ್ಯಾಕ್ರಿ ಹೊತ್ತು ತಿರುಗ್ತೀರಿ?"

"ಹೆಂಡ್ತಿ ತವರಿಗೆ ಹೋದ್ರೂ ಇದು ಹೋಗಲ್ಲ ನೋಡ್ರಿ."

ಮೂರನೇ ಬಾಗಿಲು ದಾಟುವಾಗ ಮಾತ್ರ ಅವರು ನಗಲಿಲ್ಲ. ನಮ್ಮನ್ನು ನಿಲ್ಲಿಸಿ, ಎದುರಿನ ಬಂಡೆಯ ಹೊಟ್ಟೆಯ ಕಡೆ ಕೈ ತೋರಿಸಿದರು. ಕಪ್ಪಗೆ ಏನೋ ನೇತಾಡುತ್ತಿತ್ತು. "ಅದು ನೆರಳಲ್ಲ. ಹೆಜ್ಜೇನು. ಇಲ್ಲಿಂದ ಮುಂದಕ್ಕೆ ಹೊಗೆ ಇಲ್ಲ. ಬೀಡಿ ಇಲ್ಲ, ಊದಿನಕಡ್ಡಿ ಇಲ್ಲ. ನಮ್ಮ ಗೈಡ್‌ಗಳ ಸಂಘದ ಕಟ್ಟುಪಾಡು ಇದು. ಯಾರ ಜೊತೆ ಬಂದೋರು ಹೊಗೆ ಹಾಕಿದ್ರೂ ಆ ಗೈಡಿನ ಹೆಸರು ಬೋರ್ಡಿನಾಗೆ ಇರಲ್ಲ."

ಬೋರ್ಡು ಎಂದರೆ ಕೋಟೆಯ ಕೆಳಗಿನ ಟೀ ಅಂಗಡಿಯ ಗೋಡೆಗೆ ಹಾಕಿದ ನೀಲಿ ಹಲಗೆ. ಗೈಡ್‌ಗಳ ಹೆಸರುಗಳನ್ನು ಬಿಳಿ ಬಣ್ಣದಲ್ಲಿ ಬರೆದದ್ದು. ಬಂದವರು ಅದನ್ನು ನೋಡಿಯೇ ಕರೆಯುತ್ತಾರೆ.

ಅವರ ಕೈಯಲ್ಲಿ ಒಂದು ಗಂಟಿತ್ತು. ಬೆಳಿಗ್ಗೆ ತಮ್ಮ ಹೊಲದಿಂದ ಕಿತ್ತು ತಂದ ಶೇಂಗಾ, ಬಳ್ಳಿ ಸಮೇತ. ಜೊತೆಗೆ ಬೆಂಕಿಪೊಟ್ಟಣ. ಕೋಟೆ ಇಳಿದ ಮೇಲೆ ಕೆಳಗಿನ ಬಯಲಿನಲ್ಲಿ ಒಣಹುಲ್ಲು ಹಾಕಿ ಶೇಂಗಾ ಸುಟ್ಟು, ಬೂದಿ ಕೆದಕಿ, ಬಿಸಿಬಿಸಿ ಸುಲಿದು ತಿನ್ನುವುದು. ಇವರ ನಡಿಗೆ ಮುಗಿಯುತ್ತಿದ್ದುದೇ ಹಾಗೆ.

ಆದರೆ ವಿಜಯಾಳಿಗೆ ಒಂದೂವರೆಗೆ ಬಸ್ಸು. ಆಗಲೇ ಹನ್ನೊಂದೂಮುಕ್ಕಾಲು. ಅವಳ ಬಾಟಲಿಯ ನೀರು ಖಾಲಿಯಾಗಿತ್ತು. "ಇಲ್ಲೇ ಕುಂತ್ಕಳ್ರಿ, ಮೇಲೆ ಬಂಡೆ ದೊಣೆಯಾಗೆ ಒಳ್ಳೆ ಮಳೆನೀರೈತೆ, ತರ್ತೀನಿ" ಎಂದು ತಿಪ್ಪೇಸ್ವಾಮಿ ಗಂಟನ್ನು ನಮ್ಮ ಪಕ್ಕ ಇಟ್ಟು ಬಂಡೆ ಹತ್ತಿ ಹೋದರು.

"ಶೇಂಗಾ ತಿನ್ನದೇ ಬಸ್ ಹತ್ತಬೇಕೇನೇ ನಾನು?" ಎಂದಳು ವಿಜಯಾ.

"ಇಲ್ಲೇ ಸುಡೋಣ ಬಾ" ಎಂದೆ.

ಹೌದು, ನಾನೇ ಎಂದೆ. ನಸೀಮಾ ಬಂಡೆಯ ಕಡೆ ನೋಡಿ, "ಬೇಡ ಕಣೇ, ಅವರು ಹೇಳಿದ್ರಲ್ಲ" ಎಂದಳು. ನಾನೇನೆಂದೆ ಗೊತ್ತೇ? "ಅದೆಲ್ಲ ಹೊರಗಿನವರಿಗೆ ಹೇಳೋದು. ನಾನು ಹೊಲದಲ್ಲಿ ಶೇಂಗಾ ಸುಡ್ತಾನೇ ಬೆಳೆದವಳು. ಎರಡು ನಿಮಿಷದ ಕೆಲಸ." ಪಟ್ಟಣದ ಗೆಳತಿಯರೆದುರು ಹಳ್ಳಿಯವಳಾಗುವ ಚಪಲ. ಕ್ಲಾಸಿನಲ್ಲಿ ಚಾಕ್ ಹಿಡಿಯುವ ಕೈಗೆ ಬೆಂಕಿಕಡ್ಡಿ ಗೀರುವುದೂ ಗೊತ್ತು ಎಂದು ತೋರಿಸಬೇಕಿತ್ತು. ಕ್ಯಾಮೆರಾದ ರೀಲಿನಲ್ಲಿ ಇನ್ನೂ ನಾಲ್ಕು ಫೋಟೋ ಉಳಿದಿದ್ದವು ಬೇರೆ.

ಒಂದು ಮರೆತಿದ್ದೆ. ನಮ್ಮ ಹೊಲದ ಮೇಲೆ ಆಕಾಶವಿತ್ತು. ಇಲ್ಲಿ ಬಂಡೆಯಿತ್ತು.

ಹಸಿ ಬಳ್ಳಿ. ಉರಿ ಕಡಿಮೆ, ಹೊಗೆ ಜಾಸ್ತಿ. ಬೆಳ್ಳಗೆ ದಪ್ಪಗೆ ಎದ್ದ ಹೊಗೆ ಬಂಡೆಯನ್ನು ಸವರಿಕೊಂಡು ನೇರ ಮೇಲಕ್ಕೆ ಹೋಯಿತು. ವಿಜಯಾ ಫೋಟೋ ತೆಗೆದಳು. (ತೊಳೆಸಿದ ಆ ಫೋಟೋ ನನ್ನ ಬೀರುವಿನಲ್ಲಿದೆ. ಬೆಂಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಲ್ಲು ಕಿರಿಯುತ್ತಿರುವವಳು ನಾನು.)

ಮೊದಲ ಹುಳು ನಸೀಮಾಳ ಕೂದಲಿಗೆ ಬಂತು. ಆಮೇಲೆ ಎಣಿಸುವಂತಿರಲಿಲ್ಲ. ಆ ಸದ್ದನ್ನು ಹೇಗೆ ಬರೆಯುವುದು? ಬಂಡೆಯೇ ಗುಂಯ್ಗುಡುತ್ತಿದೆ ಎನಿಸಿತು. ವಿಜಯಾ ಮುಖ ಮುಚ್ಚಿಕೊಂಡು ಓಡಿದಳು. ಅವಳು ಓಡಿದ ಕಡೆ ಗೋಡೆ ಕುಸಿದಿತ್ತು. ಅದರಾಚೆ ಬರೀ ಗಾಳಿ.

ತಿಪ್ಪೇಸ್ವಾಮಿ ಎಲ್ಲಿಂದ ಬಂದರೋ ಕಾಣೆ. ಬಾಟಲಿ ಬಿಸಾಡಿ ಬಂದು ವಿಜಯಾಳ ಸೆರಗಿಗೆ ಕೈ ಹಾಕಿ ಎಳೆದರು. ಮೂವರನ್ನೂ ಎರಡು ಬಂಡೆಗಳ ಸಂದಿಗೆ ತಳ್ಳಿದರು. ಕಂಬಳಿ ಬಿಚ್ಚಿ ನಮ್ಮ ಮೇಲೆ ಎಸೆದು ಅಂಚುಗಳನ್ನು ಕಾಲಲ್ಲೇ ಒತ್ತಿದರು. ಕುರಿ ವಾಸನೆಯ ಕತ್ತಲು. ಮೂವರಿಗೆ ಸಾಕಾಗುವಷ್ಟೇ ಇದ್ದ ಕಂಬಳಿ ಅದು. ನಾಲ್ಕನೆಯವರಿಗೆ ಜಾಗವಿರಲಿಲ್ಲ.

"ಏಳಬ್ಯಾಡ್ರಿ ಅಕ್ಕಾರೆ" ಎಂದರು ಹೊರಗಿನಿಂದ. ಸ್ವಲ್ಪ ಹೊತ್ತಿಗೆ, "ಏಳಬ್ಯಾಡ್ರಿ, ಹೋಗ್ತಾವೆ." ಮೂರನೆಯ ಸಲ ಮಾತು ತೊದಲಿತು. "ಏಳಬ್..."

ನಾಲ್ಕನೆಯ ಸಲ ಹೇಳಲಿಲ್ಲ.

ನಾನು ಕಂಬಳಿ ಸರಿಸಿ ನೋಡಲಿಲ್ಲ. ಇವತ್ತಿಗೂ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತೇನೆ. ಒಂದು ಕೈ ಹೊರಗೆ ಹಾಕಿ ಅವರನ್ನು ಒಳಗೆ ಎಳೆದುಕೊಳ್ಳಬಹುದಿತ್ತೇ? ಬೆಂಕಿ ಹಚ್ಚಿದವಳು ಹೊರಗೆ ಹೋಗಿ ಅವರಿಗೆ ಜಾಗ ಬಿಡಬಹುದಿತ್ತೇ? ನಾನು ಮಾಡಿದ್ದು ಕಂಬಳಿಯ ಅಂಚನ್ನು ಒಳಗಿನಿಂದ ಇನ್ನಷ್ಟು ಬಿಗಿಯಾಗಿ ಹಿಡಿದದ್ದು.

ಸದ್ದು ಇಳಿದ ಮೇಲೆ ನೋಡಿದರೆ ಅವರು ಬಂಡೆಗೆ ಒರಗಿ ಕೂತಿದ್ದರು. ಮುಖ ಇದ್ದ ಕಡೆ ಮುಖ ಇರಲಿಲ್ಲ. ವಿಜಯಾಳ ಹೊಸ ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ನಸೀಮಾ ಓಡಿ ಕೆಳಗಿನಿಂದ ಇಬ್ಬರು ಗೈಡ್‌ಗಳನ್ನು ಕರೆತಂದಳು. ಅವರು ಅದೇ ಕಂಬಳಿಯಲ್ಲಿ ತಿಪ್ಪೇಸ್ವಾಮಿಯವರನ್ನು ಮಲಗಿಸಿ ಹೊತ್ತು ಇಳಿಸಿದರು. ನಮಗೆ ಕಚ್ಚಿದ್ದು ಐದೋ ಆರೋ. ಆಸ್ಪತ್ರೆಯಲ್ಲಿ ಅವರ ಮೈಯಿಂದ ಮುಳ್ಳು ಕೀಳುತ್ತಿದ್ದ ನರ್ಸಮ್ಮ ಎಣಿಸುವುದನ್ನೇ ಬಿಟ್ಟರು.

ಬದುಕಿದರು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಆಗಲೇ ಬರೆಯುತ್ತಿದ್ದೆ. ಕಣ್ಣೀರಿನ ಒಳ್ಳೆಯ ಅಂಕಣವಾಗುತ್ತಿತ್ತು.

ಅವತ್ತೇ ಸಂಜೆ ಗೈಡ್‌ಗಳ ಸಂಘದ ಹಿರಿಯರು ಆಸ್ಪತ್ರೆಗೆ ಬಂದರು. ತಿಪ್ಪೇಸ್ವಾಮಿ ಮಂಚದ ಮೇಲೆ, ಬಾತ ರೆಪ್ಪೆಗಳಿಂದ ಕಣ್ಣು ಮುಚ್ಚಿಹೋಗಿ, ಮಾತಿಲ್ಲದೆ ಮಲಗಿದ್ದರು. ಹಿರಿಯರು ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು: "ಬೆಂಕಿ ಹಚ್ಚಿದ್ಯಾರು ಮೇಡಂ?"

ಆ ಕ್ಷಣಕ್ಕೆ ನನಗೆ ನೆನಪಾದದ್ದು ಕಾಲೇಜು, ಪ್ರಿನ್ಸಿಪಾಲರು, ಈ ಪತ್ರಿಕೆ, ಈ ಅಂಕಣದ ಮೇಲೆ ಅಚ್ಚಾಗುವ ನನ್ನ ಹೆಸರು.

"ನಮಗೇನು ಗೊತ್ತು? ಗೈಡ್ ಹೇಳಿದ ಹಾಗೆ ಮಾಡಿದ್ವಿ" ಎಂದೆ.

ವಿಜಯಾ ನೆಲ ನೋಡಿದಳು. ನಸೀಮಾ ನನ್ನನ್ನು ನೋಡಿದಳು. ಆಮೇಲೆ ಅವಳು ಫೋನ್ ಮಾಡಿಲ್ಲ.

ಒಂದು ವಾರಕ್ಕೆ ಬೋರ್ಡಿನ ಮೇಲಿದ್ದ ತಿಪ್ಪೇಸ್ವಾಮಿ ಎಂಬ ಹೆಸರಿನ ಮೇಲೆ ನೀಲಿ ಬಣ್ಣ ಬಿತ್ತು. ಕಾಲೇಜಿಗೆ ಹೋಗುವ ದಾರಿಯಲ್ಲೇ ಆ ಟೀ ಅಂಗಡಿ. ದಾರಿ ಬದಲಿಸಿದೆ.

ಭಾನುವಾರ ಫ್ಯಾನಿಗೆ ಹೆದರಿ ಮೂಲೆ ಸೇರಿದ ಮೇಲೆ ತಡೆಯಲಾಗಲಿಲ್ಲ. ಸೋಮವಾರ ರಜೆ ಹಾಕಿ ಬಸ್ ಹತ್ತಿ ಅವರ ಊರಿಗೆ ಹೋದೆ. ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿದ್ದರು. ಎಡಗಣ್ಣಿಗೆ ಮಂಜು ಕವಿದಂತೆ ಬಿಳುಪು.

"ಓ, ಮೇಡಮ್ಮಾರು! ಬರ್ರಿ ಬರ್ರಿ. ಇದಾ? ಒಂದೇ ಕಣ್ಣಾಗೆ ಎಣಿಸ್ತೀನಿ, ದಿನಾ ಅರ್ಧ ಕುರಿ ಕಮ್ಮಿ ಬೀಳ್ತಾವೆ" ಎಂದು ತಾವೇ ನಕ್ಕರು.

ಮನೆಗೆ ಕರೆದೊಯ್ದರು. ಅವರ ಹೆಂಡತಿ ಗಂಗಮ್ಮ ಮಜ್ಜಿಗೆ ಕೊಟ್ಟರು. ಲೋಟ ನನ್ನ ಕೈಗೆ ಬಂದ ಮೇಲೂ ಅವರು ಕದಲಲಿಲ್ಲ. "ಬೀಡಿ ಕೂಡ ಸೇದದ ಮನುಷ್ಯ ಇವ್ನು. ಕೋಟೆಯಾಗೆ ಬೆಂಕಿ ಹಚ್ಚಿಸಿದ್ನಂತೆ. ಊರಾಗೆಲ್ಲ ಕೇಳ್ತಾರೆ ಅಕ್ಕಾರೆ, ಏನು ಹೇಳ್ಲಿ ನಾನು?"

"ಏಯ್, ಸುಮ್ನಿರೇ" ಎಂದರು ತಿಪ್ಪೇಸ್ವಾಮಿ.

ನಾನು ಅಳುತ್ತಾ ಹೇಳಿದೆ, ಅವತ್ತು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ ಎಂದು. ಅವರು ಕಂಬಳಿಯ ಅಂಚಿನ ದಾರ ಕೀಳುತ್ತಾ ಕೂತಿದ್ದರು.

"ಗೊತ್ತೈತೆ ಬಿಡ್ರಿ. ಅವತ್ತು ಬಾತಿದ್ದು ಕಣ್ಣು. ಕಿವಿ ಕೇಳ್ತಿತ್ತು."

ನಾಲ್ಕು ತಿಂಗಳು. ಆ ಮನುಷ್ಯ ಯಾರಿಗೂ ಹೇಳಿರಲಿಲ್ಲ. ಯಾಕೆ ಎಂದು ಕೇಳಿದೆ. "ಕರ್ಕಂಡು ಹೋದೋನು ನಾನು. ಗಂಟು ಬಿಟ್ಟು ಹೋಗಬಾರ್ದಿತ್ತು" ಎಂದರು. ಆಮೇಲೆ ಬೇರೆಯೇ ಮಾತು ತೆಗೆದರು. "ಆ ಮೈಸೂರಿನ ಅಕ್ಕಾರಿಗೆ ತುಪ್ಪದ ಕೊಳ ತೋರಿಸಾಕೇ ಆಗ್ಲಿಲ್ಲ ನೋಡ್ರಿ. ಬೇರೆ ಯಾರಾದ್ರೂ ತೋರಿಸಿದ್ರಾ?"

ಬೈದಿದ್ದರೆ ವಾಪಸ್ ಬರುವ ಬಸ್ಸಿನಲ್ಲಿ ಕೂರುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಂಗಳವಾರ ಟೀ ಅಂಗಡಿಗೆ ಹೋಗಿ ಸಂಘದ ಹಿರಿಯರಿಗೆ ಎಲ್ಲ ಹೇಳಿದೆ. ಅವರು ಲೋಟ ಕೆಳಗಿಟ್ಟರು. "ನೀವು ದೊಡ್ಡ ಮನಸ್ಸು ಮಾಡಿ ಅವನನ್ನ ಉಳಿಸೋಕೆ ಹಿಂಗೆ ಹೇಳ್ತಿದೀರಿ ಮೇಡಂ. ಓದಿದೋರು ನೀವು, ಅಂಥ ಕೆಲಸ ಮಾಡ್ತೀರಾ?" ಎಂದರು. ನಾನು ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದಾಗ ನಂಬಲಿಲ್ಲ. ಎರಡೂ ಸಲ ಅವರು ನಂಬಿದ್ದು ನನ್ನ ಓದನ್ನು.

ಅದಕ್ಕೇ ಬಾಯಲ್ಲಿ ಹೇಳಿದ್ದನ್ನು ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಬೀರುವಿನಲ್ಲಿರುವ ಆ ಫೋಟೋವನ್ನು ನಾಳೆ ಬೆಳಿಗ್ಗೆ ಟೀ ಅಂಗಡಿಗೆ ತಂದು ನಿಮ್ಮ ಟೇಬಲ್ಲಿನ ಮೇಲೆ ಇಡುತ್ತೇನೆ.

ಬೆಂಕಿ ಹಚ್ಚಿದ್ದು ನಾನು ಹಿರಿಯರೇ. ಆ ನೀಲಿ ಬಣ್ಣ ಯಾವಾಗ ಕೆರೆಯುತ್ತೀರಿ?