ಹನ್ನೊಂದು ನೇರಳೆ ಅಂಗಿಗಳು

ತೊಂಬತ್ತರ ದಶಕದಲ್ಲಿ ನಮ್ಮ ದೇಶದ ಫುಟ್‌ಬಾಲ್ ತಂಡದ ಮ್ಯಾನೇಜರಿಗೆ ಗುಂಡ್ಲುಪೇಟೆಯಿಂದ ತಿಂಗಳಿಗೊಂದು ಪೋಸ್ಟ್‌ಕಾರ್ಡ್ ಹೋಗುತ್ತಿತ್ತು. ಅಕ್ಷರ ನನ್ನದು, ಸಿಟ್ಟು ಟೈಲರಣ್ಣನದು. ಸರಿಯಾದ ವಿಳಾಸ ಇಬ್ಬರಿಗೂ ಗೊತ್ತಿರಲಿಲ್ಲ. ‘ಮ್ಯಾನೇಜರ್ ಸಾಹೇಬರು, ಭಾರತ ಫುಟ್‌ಬಾಲ್ ತಂಡ, ದೆಹಲಿ’ ಎಂದು ಇಂಗ್ಲಿಷಿನಲ್ಲಿ ಬರೆದು ಡಬ್ಬಕ್ಕೆ ಹಾಕುತ್ತಿದ್ದೆ. ಒಂದು ಕಾರ್ಡೂ ವಾಪಸು ಬರಲಿಲ್ಲ. ಹಾಗಾಗಿ ಎಲ್ಲವೂ ತಲುಪುತ್ತಿವೆ ಎಂದೇ ನಂಬಿದ್ದೆವು.

ನಾನಾಗ ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಊರು ಚಾಮರಾಜನಗರ. ಮೈಸೂರಿನಲ್ಲಿ ಕಾಲೇಜು ಓದುವಾಗ ಎರಡು ವರ್ಷ ಫುಟ್‌ಬಾಲ್ ಆಡಿದ್ದೆ, ಅಂಥಾದ್ದೇನೂ ಅಲ್ಲ, ಆದರೆ ಆಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಊಟಿ ರಸ್ತೆಯ ಟೈಲರ್ ಅಂಗಡಿಯೊಂದರಲ್ಲಿ ಹೊಲಿಗೆ ಮೆಷಿನ್ನಿನ ಪಕ್ಕ ಚೆಂಡು ಕಂಡು ಒಳಗೆ ಹೋದೆ. ಮೂರು ವರ್ಷ ಅಲ್ಲಿಂದ ಹೊರಗೆ ಬರಲಾಗಲಿಲ್ಲ.

ಟೈಲರಣ್ಣ ಪ್ರಾಯದಲ್ಲಿ ಕೋಳಿಕ್ಕೋಡಿಗೆ ಹೋಗಿ ಐದು ವರ್ಷ ಹೊಲಿಗೆ ಕಲಿತು ಬಂದವನು. ಹೊಲಿಗೆಯ ಜೊತೆಗೆ ಫುಟ್‌ಬಾಲನ್ನೂ ತಂದಿದ್ದ. ವಯನಾಡಿನ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತಿದ್ದ ಮಲಯಾಳಂ ಪೇಪರನ್ನು ಆಟದ ಸುದ್ದಿಯಿರುವ ಕೊನೆಯ ಪುಟದಿಂದ ಓದುತ್ತಿದ್ದ. ದೇಶದ ತಂಡದ ಪಟ್ಟಿ ಬಂದ ದಿನ ಗಿರಾಕಿಗಳು ಬಟ್ಟೆ ಕೊಡಲು ಹೆದರುತ್ತಿದ್ದರು. ಅಂಥ ದಿನ ಕತ್ತರಿಸಿದ ಪ್ಯಾಂಟುಗಳಲ್ಲಿ ಒಂದು ಕಾಲು ಗಿಡ್ಡವಾಗಿದ್ದ ಉದಾಹರಣೆಗಳಿದ್ದವು.

“ಅದೇ ಹನ್ನೊಂದ್ ಜನ ಕಣ್ರೀ ಗುಮಾಸ್ರೇ! ಓದ್ ವರ್ಸನೂ ಅವರೇ, ಈ ವರ್ಸನೂ ಅವರೇ. ಒಸಬ್ರಿಗೆ ಚಾನ್ಸೇ ಇಲ್ಲ. ತಗಳಿ, ಬರ್ಕಳಿ.”

ನಾನು ಕಾರ್ಡು ತೆಗೆಯುತ್ತಿದ್ದೆ. ಅವನು ಮೆಷಿನ್ ತುಳಿಯುತ್ತಲೇ ಹೇಳುತ್ತಿದ್ದ. “ಸ್ವಾಮಿ ಮ್ಯಾನೇಜರೇ, ಅಳಬ್ರನ್ನೇ ಆಡುಸ್ತಾ ಇದ್ರೆ ಅವರು ಇನ್ನೂ ಅಳಬ್ರಾಯ್ತಾರೇ ವೊರ್ತು ಬೇರೇನೂ ಆಗಲ್ಲ. ಪಂದ್ಯ ಸೋತ್ರೆ ಏನ್ ಓಯ್ತದೆ? ಎಂಗೂ ಸೋಲ್ತಾವ್ರೆ. ಟ್ರಯಲ್ ನೋಡ್ದೆ ಕೋಟು ಒಲಿಯಕ್ಕಾಯ್ತದಾ? ಒಸ ಹುಡುಗ್ರನ್ನ ಇಳ್ಸಿ, ಟ್ರಯಲ್ ನೋಡಿ.” ಇದನ್ನು ನಾನು ಕಚೇರಿಯ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಶುರುವಾದರೆ ಕಾರ್ಡಿನ ಅರ್ಧ ಅಲ್ಲೇ ತುಂಬುತ್ತಿತ್ತು. ಕೋಟಿನ ಮಾತು ಎಷ್ಟೋ ಸಲ ವಿಳಾಸದ ಪಕ್ಕಕ್ಕೆ ಹೋಗಿ ಕೂರುತ್ತಿತ್ತು.

ಇಷ್ಟೆಲ್ಲ ಬರೆಸುತ್ತಿದ್ದ ಟೈಲರಣ್ಣ ಗುಂಡ್ಲುಪೇಟೆ ತಂಡದ ಮ್ಯಾನೇಜರ್. ನಾನು ಅಲ್ಲಿಗೆ ಹೋದ ಮೊದಲ ಮೂರು ವರ್ಷವೂ ಅವನು ಪ್ರತಿ ಭಾನುವಾರ ಅದೇ ಹನ್ನೊಂದು ಜನರನ್ನು ಆಡಿಸಿದ.

ಅದಕ್ಕೆ ಕಾರಣ ಅಂಗಿ. ಯಾವುದೋ ಬ್ಯಾಂಡ್‌ಸೆಟ್ಟಿನವರ ಯೂನಿಫಾರಂ ಹೊಲಿದು ಉಳಿದಿದ್ದ ನೇರಳೆ ಬಟ್ಟೆಯಲ್ಲಿ ಅವನು ತಂಡಕ್ಕೆ ಹನ್ನೊಂದು ಅಂಗಿ ಹೊಲಿದಿದ್ದ. ಅಂಗಡಿಯಲ್ಲಿ ಸಿಗುವ ಸಣ್ಣದು, ದೊಡ್ಡದು ಎಂಬ ಲೆಕ್ಕದ ಅಂಗಿಗಳಲ್ಲ. ಒಬ್ಬೊಬ್ಬನ ಎದೆ, ತೋಳು, ಕುತ್ತಿಗೆಯ ಅಳತೆ ತೆಗೆದು ಮದುವೆಗಂಡಿಗೆ ಹೊಲಿದ ಹಾಗೆ ಹೊಲಿದ ಅಂಗಿಗಳು. ಒಬ್ಬರದು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ನಾನು ಆಡುತ್ತೇನೆ ಎಂದಾಗಲೆಲ್ಲ ಅವನದು ಒಂದೇ ಮಾತು: “ಆಡ್ಬೈದು ಗುಮಾಸ್ರೇ. ಅಂಗಿ ಎಲ್ಲದೆ? ಬಟ್ಟೆ ಮುಗುದೋಯ್ತಲ್ಲ.”

ಹಾಗಾಗಿ ನಾನು ಹನ್ನೆರಡನೆಯವನು. ಬೇಲಿಯ ಪಕ್ಕ ಕೂತು ನಿಂಬೆಹಣ್ಣು ಹೆಚ್ಚುವುದು, ಬಿಡುವಿನಲ್ಲಿ ಉಪ್ಪು ಹಾಕಿ ಹಂಚುವುದು, ನೀರಿನ ಕೊಡ ಕಾಯುವುದು. ಸರ್ಕಾರಿ ನೌಕರ ಎಂದು ನನಗೆ ಬಹಳ ಮರ್ಯಾದೆ. ಆ ಹನ್ನೊಂದು ಜನಕ್ಕೆ “ಓಡ್ಲಾ”, “ಒದೀಲಾ”, “ಕಣ್ ಕಾಣಲ್ವೇನ್ಲಾ” ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಟೈಲರಣ್ಣ ನನ್ನ ಕಡೆ ತಿರುಗಿದರೆ “ಗುಮಾಸ್ರೇ, ಒಂಚೂರ್ ನೀರು ಕೊಡೀರಾ” ಎನ್ನುತ್ತಿದ್ದ. ಆ ‘ರಾ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಅವನು ನನಗೂ ‘ಲಾ’ ಅನ್ನಲಿ ಎಂದು ಎಷ್ಟು ಆಸೆಪಟ್ಟಿದ್ದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನನ್ನ ಉರಿಗೆ ತುಪ್ಪ ಸುರಿಯುತ್ತಿದ್ದವನು ಗೋಲು ಹೊಡೆಯಬೇಕಾದ ಮುಂಚೂಣಿಯ ಆಟಗಾರ ಮಂಡಿಯಣ್ಣ. ಅರಿಸಿನದ ಮಂಡಿಯ ಯಜಮಾನ, ನಲವತ್ತು ದಾಟಿದ ವಯಸ್ಸು, ನಲವತ್ತನಾಲ್ಕು ಇಂಚಿನ ಎದೆ, ಹೊಟ್ಟೆಯ ಅಳತೆ ಟೈಲರಣ್ಣನಿಗೆ ಮಾತ್ರ ಗೊತ್ತು. ಎದುರಾಳಿಯ ಗೋಲಿನ ಮುಂದೆ ಹೋಗಿ ನಿಂತರೆ ಆಟ ಮುಗಿಯುವವರೆಗೆ ಅಲ್ಲೇ ನಿಂತಿರುತ್ತಿದ್ದ. ಚೆಂಡು ತಾನಾಗಿ ಬಂದು ಅವನಿಗೆ ತಗುಲಿ ಒಳಗೆ ಹೋದರೆ ಗೋಲು.

ಇಷ್ಟರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ನಿನ್ನೆಯವರೆಗೆ ನಮ್ಮಷ್ಟೇ ತಾಲ್ಲೂಕಾಗಿದ್ದವರು ಈಗ ಜಿಲ್ಲಾ ಕೇಂದ್ರದವರು ಎಂದು ಗುಂಡ್ಲುಪೇಟೆಯಲ್ಲಿ ಒಂದು ಬಗೆಯ ಹೊಟ್ಟೆಯುರಿ ಶುರುವಾಗಿತ್ತು. ಅಂಥ ಹೊತ್ತಿಗೆ ಸರಿಯಾಗಿ ಚಾಮರಾಜನಗರದ ತಂಡದವರು ಪಂದ್ಯಕ್ಕೆ ಕರೆದರು. ಸುದ್ದಿ ಕೇಳಿ ಎಲ್ಲರಿಗೂ ಹುರುಪು ಬಂದರೆ ನನಗೆ ಮಾತ್ರ ಬೆವರು ಬಂತು.

ಯಾಕೆಂದರೆ ನಾನು ಮೂರು ವರ್ಷದಿಂದ ನಮ್ಮವ್ವನಿಗೆ ಸುಳ್ಳು ಹೇಳಿಕೊಂಡು ಬಂದಿದ್ದೆ. ಊರಿಗೆ ಹೋದಾಗಲೆಲ್ಲ ಅವ್ವ “ಆಟ ಎಂಗಾಯ್ತು ಮಗ?” ಎಂದು ಕೇಳುವುದು, ನಾನು “ಎರಡು ಗೋಲು ಹೊಡೆದೆ ಕಣವ್ವ” ಎನ್ನುವುದು ರೂಢಿಯಾಗಿತ್ತು. ಅವ್ವ ಅದನ್ನು ಬೀದಿಯವರಿಗೆಲ್ಲ ಹೇಳಿಯಾಗಿತ್ತು. ಈಗ ಮಗ ಊರಿಗೇ ಬಂದು ಆಡುತ್ತಾನೆ ಎಂದರೆ ಅವ್ವ ಬಾರದೆ ಇರುತ್ತಾಳೆಯೇ? ಬಂದವಳು ನೋಡುವುದೇನು? ಮಗ ನಿಂಬೆಹಣ್ಣು ಹೆಚ್ಚುವುದನ್ನು.

ಪಂದ್ಯಕ್ಕೆ ಮೂರು ದಿನ ಇರುವಾಗ ಟೈಲರಣ್ಣ ಮತ್ತೊಂದು ಕಾರ್ಡು ಬರೆಸಿದ. ಅದೇ ಹಳೆಯ ದೂರು. ಬರೆದು ಮುಗಿಸಿ ನಾನು ಪೆನ್ನು ಮುಚ್ಚಲಿಲ್ಲ. “ಇದೇ ಕಾರ್ಡು ಇನ್ನೊಂದು ಬರೀಲಾ ಟೈಲರಣ್ಣ? ಗುಂಡ್ಲುಪೇಟೆ ಮ್ಯಾನೇಜರ್ ಅಂತ ವಿಳಾಸ ಹಾಕಿ?” ಎಂದೆ. ಮೆಷಿನ್ನಿನ ಸದ್ದು ನಿಂತಿತು. ಅವನು ನನ್ನ ಮುಖ ನೋಡಿದ. ಆಮೇಲೆ ಅಳತೆ ನೋಡಲು ಗಿರಾಕಿಗಳು ಹೋಗುವ ಮೂಲೆಯ ಪರದೆಯ ಕಡೆ ನೋಡಿದ. ಮತ್ತೆ ಮೆಷಿನ್ ತುಳಿಯತೊಡಗಿದ. ನಾನು ಕಾರ್ಡನ್ನು ಡಬ್ಬಕ್ಕೆ ಹಾಕಿ ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಮಂಡಿಯಣ್ಣ ಇಳಿದು ಆರು ವಡೆ ತಿಂದ. ಚಾಮರಾಜನಗರದ ಮೈದಾನದಲ್ಲಿ ಅವ್ವ ಆಗಲೇ ಕೊಡೆ ಹಿಡಿದು, ಬೀದಿಯ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ನಿಂಬೆಹಣ್ಣಿನ ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡು ಓಡಾಡಿದೆ.

ಮೊದಲರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ನಾವು ಹೊಡೆಯಬಹುದಿತ್ತು. ಅವರ ಗೋಲ್‌ಕೀಪರ್ ಜಾರಿ ಬಿದ್ದಿದ್ದ, ಎದುರಿಗೆ ಯಾರೂ ಇರಲಿಲ್ಲ, ಚೆಂಡು ನಿಧಾನವಾಗಿ ಉರುಳಿ ಮಂಡಿಯಣ್ಣನ ಎರಡು ಕಾಲಿನ ನಡುವೆ ಹಾದು ಆಚೆಗೆ ಹೋಯಿತು. ಅವನು ಬಗ್ಗಿ ನೋಡುವ ಹೊತ್ತಿಗೆ ಅದು ಬೇಲಿ ಸೇರಿತ್ತು. ವಡೆ ತಿಂದವನಿಗೆ ಬಗ್ಗಲೂ ಕಷ್ಟವಾಗಿತ್ತು.

ಬಿಡುವಿನಲ್ಲಿ ನಾನು ನಿಂಬೆಹಣ್ಣು ಹಂಚುತ್ತಿದ್ದೆ. ಟೈಲರಣ್ಣ ಮಂಡಿಯಣ್ಣನಿಗೆ “ಅಂಗಿ ಬಿಚ್ಲಾ” ಎಂದ.

“ಯಾಕ್ಲಾ?”

“ಟ್ರಯಲ್ ನೋಡ್ಬೇಕು ಕಣ್ಲಾ. ಬಿಚ್ಚು. ಬನ್ನಿ ಗುಮಾಸ್ರೇ.”

ಬೆವರಿನಲ್ಲಿ ನೆಂದ ಆ ಅಂಗಿಯೊಳಗೆ ನನ್ನಂಥವರು ಇಬ್ಬರು ಸಂಸಾರ ಹೂಡಬಹುದಿತ್ತು. ಟೈಲರಣ್ಣ ಜೇಬಿನಿಂದ ಸೂಜಿ ದಾರ ತೆಗೆದು, ನನ್ನನ್ನು ಬೇಲಿಯ ಕಡೆಗೆ ಮುಖ ಮಾಡಿಸಿ ನಿಲ್ಲಿಸಿ, ಎರಡೂ ಕೈ ಮೇಲೆತ್ತಿಸಿ, ಎರಡೂ ಪಕ್ಕ ಮಡಿಸಿ ಮಡಿಸಿ ಉದ್ದುದ್ದದ ಕಚ್ಚಾ ಹೊಲಿಗೆ ಹಾಕತೊಡಗಿದ. ನಡುನಡುವೆ ಸೂಜಿ ನನ್ನ ಪಕ್ಕೆಯನ್ನೂ ವಿಚಾರಿಸಿಕೊಂಡಿತು. ಸೀಟಿ ಊದಿದರೂ ಅವನು ಬಿಡಲಿಲ್ಲ. ಆಟ ಶುರುವಾಗಿ ಎರಡು ನಿಮಿಷವಾದ ಮೇಲೆ ಹಲ್ಲಿನಲ್ಲಿ ದಾರ ಕಚ್ಚಿ, ಬೆನ್ನು ತಟ್ಟಿ ಒಳಗೆ ನೂಕಿದ.

ದೇವರ ದಯೆಯೋ ಏನೋ, ಕಾಲಿಟ್ಟ ತಕ್ಷಣ ಚೆಂಡು ನನ್ನ ಕಾಲಿಗೇ ಬಂತು. ಮೂರು ವರ್ಷದ ಹಸಿವು! ನುಗ್ಗಿದೆ. ಒಬ್ಬನನ್ನು ದಾಟಿದೆ. ನೇರಳೆ ಅಂಗಿಯವನೇ ಅಡ್ಡ ಬಂದ, ಅವನನ್ನೂ ದಾಟಿದೆ. ಚಾಮರಾಜನಗರದವರು ಅಡ್ಡ ಬರುವುದಿರಲಿ, ದಾರಿ ಬಿಟ್ಟು ನಿಂತರು. ಜಿಲ್ಲೆಯಾದ ಮೇಲೆ ಜನ ಎಷ್ಟು ಸಂಭಾವಿತರಾಗಿದ್ದಾರೆ ಎಂದುಕೊಂಡೆ. ಗೋಲಿನ ಬಲ ಮೂಲೆ ನೋಡಿ ಒದ್ದೆ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಒದ್ದಿರಲಿಲ್ಲ. ಚೆಂಡು ಬಲೆಗೆ ಬಿತ್ತು. ಇಡೀ ಮೈದಾನ ಎದ್ದು ಕುಣಿಯಿತು. ನಾನೂ ಕುಣಿದೆ.

ಬಿಡುವಾದ ಮೇಲೆ ತಂಡಗಳು ಬದಿ ಬದಲಾಯಿಸುತ್ತವೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಬದಿ ಬದಲಾದ ಹೊತ್ತಿನಲ್ಲಿ ನಾನು ಬೇಲಿಯ ಕಡೆ ಮುಖ ಮಾಡಿ, ಕೈ ಮೇಲೆತ್ತಿ ಹೊಲಿಸಿಕೊಳ್ಳುತ್ತಿದ್ದೆ.

“ಊರ್ ಮಗ ಕಣ್ಲಾ! ಎಲ್ಲೇ ಇದ್ರೂ ಊರ್ನ ಮರೀನಿಲ್ಲ!” ಎಂದು ಜನ ಕೂಗಿದರು. ಅವ್ವ ಕೊಡೆ ಎಸೆದು ಓಡಿ ಬಂದಳು. “ನಾ ಯೋಳ್ನಿಲ್ವ, ನನ್ ಮಗ ಗೋಲ್ ಒಡೀತನೆ ಅಂತ!” ನಾನು ಅಳುವ ಮುಖ ಮಾಡಿಕೊಂಡು, ಬೇರೆ ಕಡೆಗೆ ಹೊಡೆಯಬೇಕಿತ್ತು ಎಂದು ವಿವರಿಸಿದೆ. “ಯಾವ್ ಕಡೀಕಾದ್ರೆ ಏನ್ ಮಗ, ಒಡ್ದೆ ತಾನೆ?” ಎಂದಳು ಅವ್ವ.

ಪಂದ್ಯವನ್ನು ಆ ಒಂದೇ ಗೋಲಿನಿಂದ ಸೋತೆವು. ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಬರಿಯ ಬನಿಯನ್ನಿನಲ್ಲಿ ಕೂತಿದ್ದ ಮಂಡಿಯಣ್ಣ ಎಲ್ಲರಿಗೂ ಕೇಳುವ ಹಾಗೆ, “ಬೇಕ್ ಬೇಕ್ ಅಂತ್ಲೇ ಒಡ್ದವ್ರೆ. ಅವ್ರೂರಲ್ವ? ಮೂರ್ ವರ್ಸ ನಮ್ ನಿಂಬೆಹಣ್ಣ ಹೆಚ್ಕಂಡು ಇದ್ಕೇ ಕಾಯ್ತಾ ಕೂತಿದ್ರು” ಎಂದ. ಯಾರೂ ಅಲ್ಲ ಎನ್ನಲಿಲ್ಲ. ಮುಂದಿನ ಸೀಟಿನಲ್ಲಿದ್ದ ಟೈಲರಣ್ಣ ತಿರುಗಿಯೂ ನೋಡಲಿಲ್ಲ. ಗೋಲಿಗಿಂತ ಅದೇ ನನ್ನನ್ನು ಹೆಚ್ಚು ಕೊಂದಿತು. ಸೋತದ್ದಕ್ಕೆ ಬೈಯಲಿ, ದಡ್ಡ ಎನ್ನಲಿ, ಆದರೆ ನಾನು ಅವರ ಕಡೆಯವನೇ ಅಲ್ಲ ಎಂದರೆ ಹೇಗೆ ಸಹಿಸಲಿ?

ಹತ್ತು ದಿನ ಊಟಿ ರಸ್ತೆಯ ಕಡೆ ತಲೆ ಹಾಕಲಿಲ್ಲ. ವರ್ಗಕ್ಕೆ ಅರ್ಜಿ ಬರೆದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ದೇಶದ ಮ್ಯಾನೇಜರ್ ಬಗ್ಗೆಯೂ ಮೊದಲ ಸಲ ಗೌರವ ಹುಟ್ಟಿತು. ಪಾಪ, ಅವರೂ ಯಾವತ್ತೋ ಒಮ್ಮೆ ಹೊಸಬನನ್ನು ಇಳಿಸಿ ಹೀಗೇ ಅನುಭವಿಸಿರಬೇಕು ಅನ್ನಿಸಿತು.

ಹನ್ನೊಂದನೆಯ ದಿನ ಟೈಲರಣ್ಣ ಕಚೇರಿಗೇ ಬಂದ. ನನ್ನ ಮೇಜಿನ ಮುಂದೆ ಇನ್ಕಂ ಸರ್ಟಿಫಿಕೇಟಿಗೆ ಸಾಲು ನಿಂತಿದ್ದವರನ್ನು ಪಕ್ಕಕ್ಕೆ ಸರಿಸಿ ಒಂದು ಕಾರ್ಡು ಇಟ್ಟ. “ಬರ್ಕಳಿ” ಎಂದ. ಬರೆಸುವುದು ಏನೆಂದು ನನಗೆ ಗೊತ್ತಿತ್ತು: ಸ್ವಾಮಿ, ಇದುವರೆಗೆ ಬರೆದದ್ದೆಲ್ಲ ತಪ್ಪು, ತಾವು ಹಳಬರನ್ನೇ ಇಟ್ಟುಕೊಳ್ಳಿ. ನನ್ನ ಕೈಯಿಂದಲೇ ಬರೆಸಿದರೆ ಸೇಡು ತೀರಿದಂತೆ. ಪೆನ್ನು ತೆಗೆದೆ.

“ಸ್ವಾಮಿ ಮ್ಯಾನೇಜರೇ, ನಾವು ಒಬ್ಬ ಒಸಬನ್ನ ಇಳ್ಸುದ್ವು. ಅವನು ನಮ್ ಗೋಲಿಗೇ ಒಡ್ದ. ಅವನ್ ತಪ್ಪಲ್ಲ. ಬದಿ ಬದಲಾಗದ ನೋಡಕ್ಕೆ ನಾನೇ ಬುಡ್ನಿಲ್ಲ, ಒಲೀತಾ ನಿಲ್ಸ್ಕಂಡಿದ್ದೆ. ಆದ್ರೂವೆ ಒದ್ದ ಒದೆ ನೋಡ್ಬೇಕಿತ್ತು ನೀವು.” ಅವನು ಕೊರಳಿನ ಟೇಪು ಸರಿಪಡಿಸಿಕೊಂಡ. “ಕಚ್ಚಾ ಒಲಿಗೆ ಹಾಕಿ ನೋಡ್ದಾಗ ಸರಿ ಬರ್ನಿಲ್ಲ ಅಂತ ಯಾವ್ ಟೈಲರೂ ಕೋಟ ಬಿಸಾಕಲ್ಲ. ಬಿಚ್ಚಿ ಇನ್ನೊಂದಪ ಒಲೀತೀವಿ. ಬರೋ ಭಾನ್ವಾರನೂ ಅವನ್ನೇ ಆಡುಸ್ತೀವಿ. ನೀವೂ ಎದ್ರಬೇಡಿ.”

ಅಕ್ಷರ ಮಸುಕು ಮಸುಕಾಗಿ ಕಾಣುತ್ತಿತ್ತು. ಮೇಲ್ಕಂಡ ವಿಷಯ, ಅವಗಾಹನೆ ಯಾವುದೂ ನೆನಪಾಗಲಿಲ್ಲ. ಅವನು ಹೇಳಿದ್ದನ್ನು ಕನ್ನಡದಲ್ಲೇ ಬರೆದುಬಿಟ್ಟೆ. ತಲೆ ಎತ್ತಿ, “ಅಂಗಿ?” ಎಂದೆ.

ಟೈಲರಣ್ಣ ಕಂಕುಳಿನಿಂದ ಒಂದು ಬಟ್ಟೆಯ ಮಡಿಕೆ ತೆಗೆದು ಮೇಜಿನ ಮೇಲೆ ಹಾಕಿದ. ನಮ್ಮ ಅಂಗಿಗಳದೇ ನೇರಳೆ ಬಣ್ಣ. ಅಂಗಡಿಯ ಮೂಲೆಯ ಪರದೆ. ಮೂರು ವರ್ಷ ಅದರ ಪಕ್ಕದಲ್ಲೇ ಕೂತು ಕಾರ್ಡು ಬರೆದಿದ್ದೆ, ಒಂದು ದಿನವೂ ನನ್ನ ಕಣ್ಣಿಗೆ ಅದು ಬಟ್ಟೆ ಎಂದು ಬಿದ್ದಿರಲಿಲ್ಲ. ಅವನ ಕಣ್ಣಿಗೆ ಬಿದ್ದಿತ್ತು.

ಕೊರಳಿನಲ್ಲಿದ್ದ ಟೇಪು ಎಳೆದುಕೊಂಡು ಮೇಜನ್ನು ಸುತ್ತಿ ನನ್ನ ಪಕ್ಕಕ್ಕೆ ಬಂದ. ನಾನು ಎದ್ದು ನಿಂತೆ. ಸಾಲಿನಲ್ಲಿದ್ದ ತೆರಕಣಾಂಬಿಯ ಮುದುಕರೊಬ್ಬರು, “ಸ್ವಾಮಿ, ನನ್ ಸರ್ಟಿಫಿಕೇಟು...” ಎಂದರು.

“ಒಂದ್ ನಿಮಿಸ ತಡ್ಕಳಿ ಯಜಮಾನ್ರೇ” ಎಂದು ಅವರಿಗೆ ಹೇಳಿ, ಟೈಲರಣ್ಣ ನನ್ನ ಕಡೆ ತಿರುಗಿದ.

“ಕೈ ಎತ್ಲಾ.”

ಎರಡೂ ಕೈ ಎತ್ತಿದೆ.