ಕೊನೆಯಿಂದ ಓದಿದ ಪ್ರೇಮಕಥೆ

ಗೆಳತಿಯರೇ, ಡಿಕ್ಷನರಿ ಹಿಡಿದುಕೊಂಡು ನಾನು ನಾಲ್ಕು ತಿಂಗಳು ಒದ್ದಾಡಿ ಓದಿದ ಜಪಾನಿ ಮಾಂಗಾವನ್ನು, ಅದೇ ಆ ಚಿತ್ರಕಥೆಯ ಪುಸ್ತಕವನ್ನು, ನನ್ನ ಗಂಡ ಇಂದು ಜುಮಾ ನಮಾಜು ಮುಗಿಸಿ ಬಂದು ಹತ್ತೇ ನಿಮಿಷದಲ್ಲಿ ಮುಗಿಸಿದರು! ಒಂದಕ್ಷರ ಜಪಾನಿ ಬಾರದು, ಬರೀ ಚಿತ್ರ ನೋಡಿ. ಪಕ್ಕದ ಮನೆಯ ಜಪಾನಿ ಹೆಂಗಸು ನಾವಿರುವ ಈ ಸೌದಿಯ ಊರು ಖಫ್ಜಿ ಬಿಟ್ಟು ಹೋಗುವಾಗ ನನಗೆ ಕೊಟ್ಟ ಪುಸ್ತಕ ಅದು. ಪ್ರೀತಿಸಿ ಮದುವೆಯಾದ ಇಬ್ಬರು ಮಾತು ಕಡಿಮೆಯಾಗುತ್ತಾ ಆಗುತ್ತಾ ಕೊನೆಗೆ ಬೇರೆ ಬೇರೆ ಮನೆ ಮಾಡುತ್ತಾರೆ. ಕೊನೆಯ ಪುಟ ಓದಿ ನಾನು ಅತ್ತಿದ್ದೆ.

ಇವರು ಹೇಳುತ್ತಾರೆ, "ಇದಕ್ಕೆ ಎಂತಕ್ಕೆ ಅತ್ತದ್ದು ಮಾರಾಯ್ತಿ? ಮೊದಲು ಇಬ್ಬರೂ ಒಂಟಿ, ಮತ್ತೆ ಒಂದೇ ಮನೆಯಲ್ಲಿ ಸ್ವಲ್ಪ ಜಗಳ, ಕಡೆಗೆ ರೈಲ್ವೆ ಸ್ಟೇಷನಿನಲ್ಲಿ ಒಂದೇ ಕೊಡೆ ಹಿಡಿದು ನಗಾಡ್ತಾ ಇದ್ದಾರೆ. ಒಳ್ಳೆ ಕಥೆ ಅಲ್ವಾ?"

ರೈಲ್ವೆ ಸ್ಟೇಷನ್ ಇರುವುದು ಮೊದಲನೇ ಪುಟದಲ್ಲಿ! ಅವರಿಬ್ಬರ ಪರಿಚಯವಾದದ್ದೇ ಅಲ್ಲಿ.

"ನೀವು ಎಡದಿಂದ ತೆರೆದದ್ದಾ? ಇದನ್ನು ಬಲದಿಂದ ಓದಬೇಕು. ದಿನಾ ಬೆಳಿಗ್ಗೆ ಕುರ್‌ಆನ್ ಯಾವ ಕಡೆಯಿಂದ ಓದ್ತೀರಿ?"

"ಅದು ಅರಬಿ. ಜಪಾನಿನವರದ್ದು ನನಗೆಂತ ಗೊತ್ತು? ಯಾವ ಕಡೆಯಿಂದಾದರೂ ಇರಲಿ, ನಾನು ಓದಿದ್ದೇ ಚಂದ ಉಂಟು."

ಅಷ್ಟು ಹೇಳಿ ಮೊಬೈಲ್ ಹಿಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಇನ್ನೂ ಮಾತಾಡುತ್ತಲೇ ಇದ್ದೆ.

ಇರಬಹುದು, ಅವರು ಓದಿದ್ದೇ ಚಂದ. ನಮ್ಮ ಹನ್ನೊಂದು ವರ್ಷದ ಸಂಸಾರವನ್ನೂ ಹಾಗೆಯೇ ಕೊನೆಯಿಂದ ಓದಿಕೊಂಡು ಹೋದರೆ, ಮುಗಿಯುವ ಹೊತ್ತಿಗೆ ಈ ಮಹಾಶಯರು ನನ್ನೆದುರು ಕೂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ.